ಊರಿನ ವಾಟ್ಸ್‌ಆ್ಯಪ್ ಗ್ರೂಪು: ಟಮಟೆಯಾಗಿ ಗಟ್ಟಿ, ಅರಳಿಕಟ್ಟೆಯಾಗಿ ಟೊಳ್ಳು

ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಬದುಕು ನಿಂತಿರುವುದು ಕಾಯಲಾರದ ಸರಕುಗಳ ಮೇಲೆ. ಬೆಳಗ್ಗೆ ಕರೆದ ಹಾಲು ಬೆಳಗ್ಗೆಯೇ ಡೇರಿಗೆ ಹೋಗಬೇಕು. ಹಣ್ಣಾದ ರೇಷ್ಮೆ ಹುಳು ಚಂದ್ರಿಕೆಗೆ (ಗೂಡು ಕಟ್ಟಲು ಹುಳು ಬಿಡುವ ತಟ್ಟೆಗೆ) ಏರಿದ ಐದಾರು ದಿನಕ್ಕೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬೇಕು. ತಡವಾದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಬಣ್ಣ ತಿರುಗಿದ ಟೊಮೆಟೊ ಗಿಡದಲ್ಲೇ ಉಳಿದರೆ ದಿನಕ್ಕೊಂದು ದರ್ಜೆ ಇಳಿಯುತ್ತದೆ. ಇಂಥ ಸೀಮೆಯಲ್ಲಿ ಸುದ್ದಿ ಒಂದು ದಿನ ತಡವಾಗಿ ಬಂದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ವಾಟ್ಸ್‌ಆ್ಯಪ್ ಗ್ರೂಪು ಇಲ್ಲಿನ ಹಳ್ಳಿಗಳಲ್ಲಿ ಇಷ್ಟು ಬೇಗ ಬೇರುಬಿಡಲು ಮುಖ್ಯ ಕಾರಣ ಇದು. ಈ ವಿಮರ್ಶೆ ಆ್ಯಪಿನ ಬಗ್ಗೆ ಅನ್ನುವುದಕ್ಕಿಂತ ಹಳ್ಳಿಯೊಂದು ಅದನ್ನು ಕಟ್ಟಿಕೊಂಡು ಬಾಳುವ ಬಗೆಯ ಬಗ್ಗೆ.

ವಾಟ್ಸ್‌ಆ್ಯಪ್ ಶುರುವಾದದ್ದು 2009ರಲ್ಲಿ, ಜಾನ್ ಕೌಮ್ ಮತ್ತು ಬ್ರಿಯಾನ್ ಆ್ಯಕ್ಟನ್ ಅವರಿಂದ. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ, ಮೊಬೈಲ್ ಡೇಟಾ ಬೆಲೆ ಕುಸಿದದ್ದು 2016ರ ಸೆಪ್ಟೆಂಬರ್‌ನಿಂದೀಚೆಗೆ. ಆ ಮೂರು ವರ್ಷಗಳ ನಡುವೆ ಹಳ್ಳಿಯ ಸುದ್ದಿಯ ದಾರಿ ಬದಲಾಗಿಹೋಯಿತು. ಇಮೇಲ್ ಯಾಕೆ ಆ ಜಾಗಕ್ಕೆ ಬರಲಿಲ್ಲ ಅಂದರೆ ಅದಕ್ಕೆ ವಿಳಾಸ ಬೇಕು, ಪಾಸ್‌ವರ್ಡ್ ನೆನಪಿರಬೇಕು, ಇಂಗ್ಲಿಷ್ ಅಕ್ಷರ ಗೊತ್ತಿರಬೇಕು. ವಾಟ್ಸ್‌ಆ್ಯಪ್‌ಗೆ ಫೋನ್ ನಂಬರ್ ಸಾಕು. ಓದಲು ಬಾರದವರೂ ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡಬಹುದು. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಬರವಣಿಗೆ ಯಾವ ಲಿಪಿಯಲ್ಲಿ ಅನ್ನುವ ತೊಡಕನ್ನು ಧ್ವನಿ ಸಂದೇಶ ಒಂದೇ ಏಟಿಗೆ ದಾಟಿಬಿಟ್ಟಿತು.

ಊರಿನಲ್ಲಿ ಸುದ್ದಿಗೆ ಮೊದಲಿನಿಂದಲೂ ಎರಡು ವ್ಯವಸ್ಥೆ ಇದ್ದವು. ಒಂದು ಟಮಟೆ: ಡಂಗುರ ಸಾರಿ ಎಲ್ಲರಿಗೂ ಒಂದೇ ಮಾತು ಮುಟ್ಟಿಸುವುದು. ಇನ್ನೊಂದು ಅರಳಿಕಟ್ಟೆ: ಮುಖ ಮುಖ ನೋಡಿಕೊಂಡು ಮಾತಾಡಿ, ಜಗಳವಾಡಿ, ಒಂದು ತೀರ್ಮಾನಕ್ಕೆ ಬರುವುದು. (ಟಮಟೆ ಅಂದಾಗ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರನ್ನು ನೆನೆಯದಿರುವುದು ಹೇಗೆ! ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಆ ಚರ್ಮವಾದ್ಯಕ್ಕೇ ಗೌರವ ಬಂದಂತಾಯಿತು.) ಗ್ರೂಪು ಎರಡೂ ಕೆಲಸ ಮಾಡುತ್ತೇನೆ ಅನ್ನುತ್ತದೆ. ಟಮಟೆಯ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಟ್ಟೆಯ ಕೆಲಸಕ್ಕೆ ಒಂದೂವರೆಗಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಊರಿನ ಗ್ರೂಪುಗಳು ಕೆಡುವುದು ಬಹುಪಾಲು ಈ ಎರಡನ್ನೂ ಒಂದೇ ಕಡೆ ಬೆರೆಸಿದಾಗ.

ಮೊದಲು ಚೆನ್ನಾಗಿ ನಡೆಯುವುದನ್ನು ನೋಡೋಣ. ನೀರುಗಂಟಿಯ ಗ್ರೂಪು ಅದಕ್ಕೆ ಒಳ್ಳೆಯ ಮಾದರಿ. ಯಾವ ಬೀದಿಗೆ ಇವತ್ತು ನೀರು, ಎಷ್ಟು ಹೊತ್ತಿಗೆ, ಮೋಟಾರ್ ಸುಟ್ಟಿದ್ದರೆ ಯಾವಾಗ ಸರಿಹೋಗುತ್ತದೆ: ದಿನಕ್ಕೆ ಒಂದೋ ಎರಡೋ ಸಾಲು. ಇದಕ್ಕೆ ಗ್ರೂಪು ಕಟ್ಟುವಾಗ ಮೊದಲ ದಿನವೇ ಮಾಡಬೇಕಾದ ಕೆಲಸ ಇಷ್ಟು. ಗ್ರೂಪಿನ ಹೆಸರಿನ ಮೇಲೆ ಒತ್ತಿ ಗ್ರೂಪ್ ಪರ್ಮಿಷನ್ಸ್ ತೆರೆಯಿರಿ. ಹೊಸ ಸಂದೇಶ ಕಳಿಸುವ ಅನುಮತಿಯನ್ನು ಅಡ್ಮಿನ್‌ಗಳಿಗೆ ಮಾತ್ರ ಸೀಮಿತ ಮಾಡಿ. ಗ್ರೂಪಿನ ಹೆಸರು, ಚಿತ್ರ ಬದಲಿಸುವುದನ್ನೂ ಹಾಗೆಯೇ ಮುಚ್ಚಿ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆಯೇ ಸೇರಿಸುವ ಆಯ್ಕೆಯನ್ನು ಆನ್ ಮಾಡಿ. ಅಡ್ಮಿನ್ ಒಬ್ಬರೇ ಇರಬಾರದು, ಮೂವರಾದರೂ ಇರಲಿ: ನೀರುಗಂಟಿ, ಪಂಚಾಯಿತಿಯ ಒಬ್ಬರು, ಊರಿನಲ್ಲೇ ಸದಾ ಸಿಗುವ ಒಬ್ಬ ಹೆಂಗಸು. ಇದ್ದ ಒಬ್ಬ ಅಡ್ಮಿನ್ ಗ್ರೂಪು ಬಿಟ್ಟುಹೋದರೆ ಆ್ಯಪು ತಾನೇ ಬೇರೆ ಯಾರನ್ನೋ ಅಡ್ಮಿನ್ ಮಾಡುತ್ತದೆ. ಆ ಯಾರೋ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿರುವ, ಊರಿಗೆ ಹಬ್ಬಕ್ಕೆ ಮಾತ್ರ ಬರುವ ಹುಡುಗನಾಗಿರಬಹುದು.

ಟಿಕ್ ಗುರುತಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಗ್ರೂಪಿನಲ್ಲಿ ಎರಡನೇ ಬೂದು ಟಿಕ್ ಬೀಳುವುದು ಪ್ರತಿಯೊಬ್ಬರ ಫೋನಿಗೂ ಮುಟ್ಟಿದ ಮೇಲೆ, ನೀಲಿಯಾಗುವುದು ಪ್ರತಿಯೊಬ್ಬರೂ ಓದಿದ ಮೇಲೆ. ನೂರೈವತ್ತು ಮನೆಯ ಗ್ರೂಪಿನಲ್ಲಿ ಒಂದೇ ಒಂದು ಫೋನ್ ಸ್ವಿಚ್ ಆಫ್ ಆಗಿದ್ದರೂ ಸಂದೇಶ ಒಂದು ಟಿಕ್‌ನಲ್ಲೇ ನಿಂತಿರುತ್ತದೆ. ಹೋಗಿಲ್ಲ ಅಂದುಕೊಂಡು ಮೂರು ಸಲ ಕಳಿಸುವವರು ಇದ್ದಾರೆ. ಸರಿಯಾದ ದಾರಿ: ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಇನ್ಫೋ ತೆರೆದರೆ ಯಾರು ಓದಿದ್ದಾರೆ, ಯಾರಿಗೆ ಮುಟ್ಟಿದೆ ಅನ್ನುವ ಪಟ್ಟಿ ಸಿಗುತ್ತದೆ. ಒಬ್ಬೊಬ್ಬರ ಮಾತುಕತೆಯಲ್ಲಿ ನೀಲಿ ಟಿಕ್ ಮುಚ್ಚಿಟ್ಟವರೂ ಗ್ರೂಪಿನ ಈ ಪಟ್ಟಿಯಿಂದ ತಪ್ಪಿಸಿಕೊಳ್ಳಲಾರರು. ಡಂಗುರಕ್ಕೆ ಈ ಸೌಲಭ್ಯ ಇರಲಿಲ್ಲ, ಇದು ನಿಜವಾದ ಮುನ್ನಡೆ. ಫೋನ್ ಆಫ್ ಇದ್ದವರಿಗೆ ಕಾದಿರುವ ಸಂದೇಶವನ್ನು ಸರ್ವರ್ 30 ದಿನದವರೆಗೆ ಇಟ್ಟುಕೊಂಡಿರುತ್ತದೆ, ಆಮೇಲೆ ಅಳಿಸುತ್ತದೆ. ತಿಂಗಳುಗಟ್ಟಲೆ ಕರೆನ್ಸಿ ಹಾಕಿಸದ ಮನೆಗೆ ಹಳೆಯ ಸೂಚನೆ ಬರಲೇ ಇಲ್ಲ ಅನ್ನುವ ದೂರಿಗೆ ಕಾರಣ ಇದೇ ಇರಬಹುದು.

ತಪ್ಪು ಬರೆದರೆ 15 ನಿಮಿಷದೊಳಗೆ ತಿದ್ದಬಹುದು. ಅದಾದ ಮೇಲೂ ಸುಮಾರು ಎರಡು ದಿನದವರೆಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಅಡ್ಮಿನ್ ಬೇರೆಯವರ ಸಂದೇಶವನ್ನೂ ಅಳಿಸಬಹುದು. ಬೆಳಗ್ಗೆ ಆರಕ್ಕೆ ನೀರು ಅಂತ ಬರೆದು ಸಂಜೆ ಆರಕ್ಕೆ ಅಂತ ತಿದ್ದಿದರೆ, ಮೊದಲೇ ಓದಿದವರು ಮತ್ತೆ ನೋಡುವುದಿಲ್ಲ. ಆದ್ದರಿಂದ ಸಮಯ, ತಾರೀಖು ತಪ್ಪಿದಾಗ ತಿದ್ದಬೇಡಿ. ಹಳೆಯದನ್ನು ಅಳಿಸಿ ಹೊಸದಾಗಿ ಕಳಿಸಿ, ಆಗ ಫೋನ್ ಮತ್ತೊಮ್ಮೆ ಸದ್ದು ಮಾಡುತ್ತದೆ.

ಮಾರುಕಟ್ಟೆ ದರದ ಗ್ರೂಪುಗಳ ವಿಚಾರಕ್ಕೆ ಬಂದರೆ ಲಾಭವೂ ದೊಡ್ಡದು, ಹಾನಿಯೂ ದೊಡ್ಡದು. ಮೊದಲು ದರ ಗೊತ್ತಾಗುತ್ತಿದ್ದದ್ದು ಮಂಡಿಗೆ ಹೋಗಿಬಂದ ಪಕ್ಕದ ಹೊಲದವನಿಂದ ಅಥವಾ ದಲ್ಲಾಳಿಯ ಬಾಯಿಂದ. ಈಗ ಕೋಲಾರ ಎಪಿಎಂಸಿಯಲ್ಲಿ ಹರಾಜು ನಡೆಯುತ್ತಿರುವಾಗಲೇ ದರ ಹೊಲದ ಬದುವಿಗೆ ಬರುತ್ತದೆ. ಇನ್ನೊಂದು ಕೊಯ್ಲು ಇವತ್ತೇ ಮಾಡಬೇಕೋ, ನಾಳೆಗೆ ಬಿಡಬೇಕೋ, ಕೋಲಾರಕ್ಕೋ ಚಿಂತಾಮಣಿಗೋ ಅನ್ನುವುದನ್ನು ರೈತ ತಾನೇ ತೂಗಿ ನೋಡಬಹುದು.

ಆದರೆ ದರದ ಸಂದೇಶ ಹೇಗೆ ಬರೆದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅಂಥ ದಿನಗಳಲ್ಲಿ ಫಾರ್ವರ್ಡ್ ಆಗುವುದು ಅತಿ ಹೆಚ್ಚಿಗೆ ಹೋದ ಒಂದು ಲಾಟಿನ ದರ ಮಾತ್ರ. ಅದು ದೂರದೂರಿಗೆ ಹೋಗುವ, ಗಟ್ಟಿ ಸಿಪ್ಪೆಯ, ಒಂದೇ ಗಾತ್ರದ ಹಣ್ಣಿನ ದರ. ಮಳೆಗೆ ಸಿಕ್ಕು ಬಿರುಕುಬಿಟ್ಟ ಹಣ್ಣಿಗೆ ಅದರ ಅರ್ಧವೂ ಸಿಗದು. ಒಂದು ಸಂಖ್ಯೆ ನೋಡಿ ಗಾಡಿ ಬಾಡಿಗೆ ಮಾತಾಡಿದವನು ಮಂಡಿಯಲ್ಲಿ ನಿಂತು ಮೋಸ ಅನ್ನುತ್ತಾನೆ. ಮೋಸ ಮಂಡಿಯಲ್ಲೇ ಆಗಿರಬೇಕಿಲ್ಲ, ಸಂದೇಶ ಅರ್ಧ ಆಗಿದ್ದರೂ ಸಾಕು.

ಪೂರ್ತಿ ಸಂದೇಶದಲ್ಲಿ ಆರು ಸಂಗತಿ ಇರಬೇಕು: ತಾರೀಖು, ಹರಾಜಿನ ಹೊತ್ತು, ಮಾರುಕಟ್ಟೆಯ ಹೆಸರು, ತಳಿ, ಬಾಕ್ಸಿನ ತೂಕ, ಮತ್ತು ಮೂರು ದರ – ಮೇಲಿನದು, ಕೆಳಗಿನದು, ಹೆಚ್ಚು ಬಾಕ್ಸುಗಳು ಹೋದದ್ದು. ಕೊನೆಯದೇ ಮುಖ್ಯ. ಬಾಕ್ಸಿನ ತೂಕ ಯಾಕೆ ಅಂದರೆ ಕೋಲಾರದ ಲೆಕ್ಕ 15 ಕೆಜಿಗೆ. ಗಡಿಯಾಚೆಯ ಮಾರುಕಟ್ಟೆಗಳ ಕ್ರೇಟಿನ ತೂಕ ಬೇರೆ. ಎರಡು ದರ ಹೋಲಿಸುವ ಮೊದಲು ಎರಡನ್ನೂ ಕೆಜಿಗೆ ಇಳಿಸಿಕೊಳ್ಳಿ. ತಾರೀಖು ಸಂದೇಶದ ಒಳಗೇ ಬರೆದಿರಬೇಕು, ಏಕೆಂದರೆ ಫಾರ್ವರ್ಡ್ ಮಾಡಿದಾಗ ಆ್ಯಪು ತೋರಿಸುವುದು ಫಾರ್ವರ್ಡ್ ಮಾಡಿದ ಹೊತ್ತನ್ನು, ಮೊದಲು ಬರೆದ ಹೊತ್ತನ್ನಲ್ಲ. ನಿನ್ನೆಯ ದರ ಇವತ್ತಿನದಾಗಿ ಓಡಾಡುವುದು ಹೀಗೆ. ಅನುಮಾನ ಬಂದರೆ ರಾಜ್ಯದ ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ದಿನದ ಆವಕ (ಮಾರುಕಟ್ಟೆಗೆ ಬಂದ ಸರಕು) ಮತ್ತು ದರ ಎರಡನ್ನೂ ನೋಡಬಹುದು. ಆವಕ ನೋಡುವ ಅಭ್ಯಾಸ ಒಳ್ಳೆಯದು: ದರ ಮೇಲಿದ್ದು ಆವಕವೂ ಏರುತ್ತಿದ್ದರೆ ಆ ದರ ನಿಲ್ಲುವುದು ಕಷ್ಟ.

ಇನ್ನೊಂದು ತೊಡಕು ಲಿಪಿಯದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರು ಬೆಲೆ, ಬೆಳೆ, ಬೇಳೆ ಮೂರನ್ನೂ ಒಂದೇ ನಾಲ್ಕು ಅಕ್ಷರದಲ್ಲಿ ಬರೆಯುತ್ತಾರೆ. ‘ಬೆಲೆ ಹೋಯಿತು’ ಅಂದರೆ ಒಂದು ಅರ್ಥ, ‘ಬೆಳೆ ಹೋಯಿತು’ ಅಂದರೆ ಇನ್ನೊಂದು. ಎರಡನೆಯದಕ್ಕೆ ವಿಮೆಗೆ ಅರ್ಜಿ ಹಾಕಬೇಕಾಗುತ್ತದೆ. ಫೋನಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಳ್ಳಲು ಎರಡು ನಿಮಿಷ ಸಾಕು. ಅಕ್ಷರ ಒತ್ತುವುದು ಕಷ್ಟವಾದವರು ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಅಂಕಿಗಳನ್ನು ಮಾತ್ರ ಕಳಿಸುವ ಮೊದಲು ಕಣ್ಣಲ್ಲಿ ನೋಡಿ.

ಪಂಚಾಯಿತಿ, ಸಹಕಾರ ಸಂಘಗಳಿಂದ ಬರುವ ಕಡತಗಳದ್ದು ಬೇರೆಯೇ ಕಷ್ಟ. ಕಂಪ್ಯೂಟರಿನಲ್ಲಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಕಡತ ಫೋನಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಫೋನ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಕಿಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತದೆ. ಫಾಂಟು ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಸಂಕೇತ ಬಯಲಾಗುತ್ತದೆ, ಅಷ್ಟೇ. ಕಳಿಸುವವರು ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲಿ ಟೈಪ್ ಮಾಡಬೇಕು, ಇಲ್ಲವೇ ಪಿಡಿಎಫ್ ಮಾಡಿ ಕಳಿಸಬೇಕು. ಕಾಗದದ ಫೋಟೊ ತೆಗೆದು ಹಾಕುವುದು ಕೊನೆಯ ದಾರಿ, ಏಕೆಂದರೆ ಫೋಟೊದೊಳಗಿನ ಮಾತು ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಫಲಾನುಭವಿಗಳ ಪಟ್ಟಿಯಲ್ಲಿ ತನ್ನ ಹೆಸರು ಹುಡುಕುವ ಅಜ್ಜಿಗೆ ಇದು ಚಿಕ್ಕ ವಿಷಯವಲ್ಲ.

ಧ್ವನಿ ಸಂದೇಶವನ್ನು ಮೇಲೆ ಹೊಗಳಿದ್ದಾಯಿತು. ಒಂದು ಕಡೆ ಮಾತ್ರ ಅದನ್ನು ಬಳಸಲೇಬಾರದು: ಔಷಧಿ ಅಳತೆ. ‘ಎರಡು ಎಂಎಲ್ ಹಾಕು’ ಅಂದದ್ದು ಲೀಟರಿಗೋ ಟ್ಯಾಂಕಿಗೋ? ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಸಾಮಾನ್ಯವಾಗಿ 16 ಲೀಟರು, ಇನ್ನು ಕೆಲವು 20 ಲೀಟರು. ಲೀಟರಿನ ಅಳತೆಯನ್ನು ಟ್ಯಾಂಕಿಗೆ ಹಾಕಿದರೆ ಹದಿನಾರರಲ್ಲಿ ಒಂದು ಪಾಲು ಬೀಳುತ್ತದೆ, ಹುಳು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ತಿರುಗಿಸಿ ಹಾಕಿದರೆ ಎಲೆ ಸುಡುತ್ತದೆ. ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇದ್ದರೆ ಗಾಳಿಗೆ ಹಾರಿದ ಔಷಧಿ ಸೊಪ್ಪಿನ ಮೇಲೆ ಕೂತು ರೇಷ್ಮೆ ಹುಳು ಸಾಯುತ್ತದೆ, ಒಂದು ಬೆಳೆಯ ಗೂಡು ಹೋದಂತೆ. ಆದ್ದರಿಂದ ಅಳತೆ ಬರಹದಲ್ಲೇ ಇರಲಿ, ‘1 ಲೀಟರ್ ನೀರಿಗೆ ಇಷ್ಟು’ ಅನ್ನುವ ಒಂದೇ ರೀತಿಯಲ್ಲಿರಲಿ, ಜತೆಗೆ ಡಬ್ಬಿಯ ಚೀಟಿಯ ಫೋಟೊ ಇರಲಿ.

ರೋಗದ ಫೋಟೊ ಕಳಿಸಿ ಸಲಹೆ ಕೇಳುವ ಗ್ರೂಪುಗಳು ನಮ್ಮ ಜಿಲ್ಲೆಗಳಿಗೆ ನಿಜವಾಗಿ ಒಳ್ಳೆಯದು ಮಾಡಿವೆ. ತಜ್ಞರಿಗೆ ಎಲ್ಲ ಹೊಲಕ್ಕೂ ಬಂದು ನೋಡಲು ಆಗದು. ಆದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗದಿರುವುದು ಫೋಟೊ ಕೆಟ್ಟದಾಗಿರುವುದರಿಂದ. ಆ್ಯಪು ಫೋಟೊ ಕಳಿಸುವಾಗ ಅದನ್ನು ಕುಗ್ಗಿಸುತ್ತದೆ. ಕಳಿಸುವ ಮುಂಚೆ ಮೇಲೆ ಕಾಣುವ ಎಚ್‌ಡಿ ಗುರುತು ಒತ್ತಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ, ಡಾಕ್ಯುಮೆಂಟ್ ಆದರೆ ಮೂಲದಂತೆಯೇ ಹೋಗುತ್ತದೆ. ನಾಲ್ಕು ಫೋಟೊ ಬೇಕು: ಇಡೀ ಸಾಲು, ಒಂದು ಗಿಡ, ಎಲೆಯ ಮೇಲ್ಭಾಗ, ಎಲೆಯ ಕೆಳಭಾಗ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರ ಗೊತ್ತಾಗುತ್ತದೆ. ಕೆಳಭಾಗವೇ ಹೆಚ್ಚು ಮಾತಾಡುತ್ತದೆ: ಬಿಳಿನೊಣ ಕೂರುವುದು ಅಲ್ಲಿ, ಅದೇ ಎಲೆ ಮುಟುರು ನಂಜನ್ನು ಹರಡುವುದು. ತೇವದ ಬೆಳಗಿನಲ್ಲಿ ಅಂಗಮಾರಿಯ ಬಿಳಿ ಬೂಷ್ಟು ಕಾಣುವುದೂ ಅಲ್ಲಿಯೇ. ಮಧ್ಯಾಹ್ನದ ಬಿಸಿಲಿಗೆ ಆ ಬೂಷ್ಟು ಒಣಗಿ ಕಾಣದಾಗುತ್ತದೆ, ಆದ್ದರಿಂದ ಬೆಳಗ್ಗೆ ಏಳರೊಳಗೆ ಫೋಟೊ ತೆಗೆಯಿರಿ. ಹಣ್ಣಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಹಣ್ಣನ್ನು ಕುಯ್ದು ಒಳಗಿನದನ್ನೂ ತೆಗೆಯಿರಿ. ಫೋಟೊದ ಕೆಳಗೆ ತಳಿ, ನಾಟಿ ಮಾಡಿ ಎಷ್ಟು ದಿನ, ಕೊನೆಯ ಎರಡು ಸಿಂಪರಣೆಯಲ್ಲಿ ಏನು ಹೊಡೆದಿದ್ದೀರಿ ಅನ್ನುವುದನ್ನು ಬರೆಯಿರಿ. ಇಷ್ಟು ಕೊಟ್ಟರೆ ಉತ್ತರ ಕೊಡುವವರಿಗೂ ಹುಮ್ಮಸ್ಸು ಬರುತ್ತದೆ.

ಇನ್ನು ಕಟ್ಟೆಯ ವಿಚಾರ.

ಗ್ರೂಪಿಗೆ ನೆನಪಿಲ್ಲ. ಹೊಸದಾಗಿ ಸೇರಿದವರಿಗೆ ಹಳೆಯ ಮಾತು ತಾನಾಗಿ ಕಾಣುವುದಿಲ್ಲ. ಮುಖ್ಯ ಸಂದೇಶವನ್ನು ಪಿನ್ ಮಾಡಿದರೂ ಅದು ನಿಲ್ಲುವುದು 24 ಗಂಟೆ, 7 ದಿನ ಅಥವಾ 30 ದಿನ. ದೇವಸ್ಥಾನದ ಚಂದಾ ಲೆಕ್ಕ, ಕೆರೆ ಹೂಳಿನ ತೀರ್ಮಾನ ಇವೆಲ್ಲ ಶುಭೋದಯದ ಹೂವಿನ ಚಿತ್ರಗಳ ಕೆಳಗೆ ಹೂತುಹೋಗುತ್ತವೆ. ವರ್ಷದ ಮೇಲೆ ಯಾರಾದರೂ ಕೇಳಿದರೆ ತೋರಿಸಲು ಪುಸ್ತಕವಿಲ್ಲ. ಗ್ರೂಪಿನಲ್ಲಿ 1024 ಜನರಿಗೆ ಜಾಗವಿದೆ, ಆದರೆ ಮಾತಾಡುವವರು ಹತ್ತೋ ಹನ್ನೆರಡೋ ಜನ. ಕಟ್ಟೆಯಲ್ಲಿ ಸುಮ್ಮನೆ ಕೂತವನ ಮುಖ ನೋಡಿ ಅವನಿಗೆ ಒಪ್ಪಿಗೆ ಇಲ್ಲ ಅಂತ ಗೊತ್ತಾಗುತ್ತದೆ. ಗ್ರೂಪಿನಲ್ಲಿ ಮೌನ ಅಂದರೆ ಒಪ್ಪಿಗೆ ಅಂತಲೇ ಎಣಿಕೆಯಾಗುತ್ತದೆ. ಕಟ್ಟೆಯಲ್ಲಿ ಬೈದವನು ಸಂಜೆ ಅದೇ ಬಾವಿಕಟ್ಟೆ ಹತ್ತಿರ ಎದುರಾಗಬೇಕು, ಆ ಸಂಕೋಚವೇ ನಾಲಿಗೆಗೆ ಕಡಿವಾಣ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಮಲಗಿಕೊಂಡು ಒತ್ತುವ ಬೆರಳಿಗೆ ಅದು ಇಲ್ಲ. ಜಾತಿ, ಪಕ್ಷ, ದಾಯಾದಿ ಜಗಳದ ಯಾವ ಮಾತೂ ಗ್ರೂಪಿನಲ್ಲಿ ಬಗೆಹರಿಯುವುದಿಲ್ಲ. ಅಂಥದ್ದು ಶುರುವಾದ ಕೂಡಲೇ ಅಡ್ಮಿನ್ ಸಂದೇಶ ಕಳಿಸುವ ಅನುಮತಿ ಮುಚ್ಚಿ, ‘ಭಾನುವಾರ ಬೆಳಗ್ಗೆ ಕಟ್ಟೆಗೆ ಬನ್ನಿ’ ಅಂತ ಒಂದು ಸಾಲು ಹಾಕುವುದೇ ಸರಿ.

ಫಾರ್ವರ್ಡಿನ ಹಾನಿ ಎಷ್ಟು ಆಳ ಹೋಗಬಲ್ಲದು ಅನ್ನುವುದನ್ನು ಕರ್ನಾಟಕ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನೋಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಆ ವರ್ಷ ಹರಿದಾಡಿದ ವಿಡಿಯೊಗಳಲ್ಲಿ ಒಂದು ಕರಾಚಿಯ ಮಕ್ಕಳ ಸುರಕ್ಷತೆಯ ಜಾಗೃತಿ ಚಿತ್ರ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಭಾಗ ಉಳಿಸಿ, ಮಗುವನ್ನು ವಾಪಸ್ ತಂದುಬಿಟ್ಟು ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ತಿಂಗಳು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ಆ್ಯಪು ಘೋಷಿಸಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು.

ಈ ಎರಡು ಬಾಣವನ್ನು ಗುರುತಿಸುವುದನ್ನು ಮನೆಯ ಎಲ್ಲರಿಗೂ ಕಲಿಸಬೇಕು. ಅದರ ಅರ್ಥ: ಇದು ಕಳಿಸಿದವರ ಮಾತಲ್ಲ, ಎಲ್ಲಿಂದಲೋ ಐದಾರು ಕೈ ದಾಟಿ ಬಂದದ್ದು. ಮಾವ ಕಳಿಸಿದರು ಅನ್ನುವುದು ಮಾವನ ಮೇಲಿನ ನಂಬಿಕೆ, ಸುದ್ದಿಯ ಮೇಲಿನ ನಂಬಿಕೆ ಅಲ್ಲ. ಸಂದೇಶದಲ್ಲಿ ತಾರೀಖಿದೆಯೇ, ಊರಿನ ಹೆಸರಿದೆಯೇ, ಯಾವ ಪೊಲೀಸ್ ಠಾಣೆ ಅಂತ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ರಶ್ನೆ ಕೇಳುವುದನ್ನು ಬದುಕಿನುದ್ದಕ್ಕೂ ಹೇಳಿಕೊಟ್ಟ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನದು. ಈ ಪಾಠಕ್ಕೆ ನಾವು ಬಹಳ ದೂರ ಹೋಗಬೇಕಿಲ್ಲ. ಕಂಪನಿಯೇ ಸುಳ್ಳನ್ನು ತಡೆಯಲಿ ಅನ್ನುವವರಿಗೆ ಒಂದು ಮಾತು: 2016ರ ಏಪ್ರಿಲ್‌ನಿಂದ ಸಂದೇಶಗಳು ಕಳಿಸಿದವರ ಫೋನಿನಲ್ಲೇ ಬೀಗ ಬಿದ್ದು, ಪಡೆದವರ ಫೋನಿನಲ್ಲಷ್ಟೇ ತೆರೆಯುತ್ತವೆ. ನಡುವೆ ಯಾರೂ ಓದಲಾರರು ಅನ್ನುವುದು ನಮ್ಮ ಖಾಸಗಿ ಮಾತಿಗೆ ಕಾವಲು. ಅದೇ ಬೀಗ ಸುಳ್ಳಿಗೂ ಕಾವಲಾಗುತ್ತದೆ. ಈ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಬೀಗ ಇರಲಿ, ಶೋಧಿಸುವ ಕೆಲಸ ಊರಿನದಾಗಲಿ.

ಅಡ್ಮಿನ್ ಆದರೆ ಜೈಲಿಗೆ ಹೋಗಬೇಕಾಗುತ್ತದೆ ಅನ್ನುವ ಭಯದಿಂದ ಒಳ್ಳೆಯವರು ಹಿಂದೆ ಸರಿಯುವುದೂ ಉಂಟು. ಸದಸ್ಯರು ಹಾಕಿದ ತಪ್ಪು ಸಂದೇಶಕ್ಕೆ ಅಡ್ಮಿನ್ ಆಗಿರುವ ಕಾರಣಕ್ಕಷ್ಟೇ ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ತಾನೇ ಹಾಕಿದರೆ, ಹಾಕಿಸಿದರೆ ಮಾತು ಬೇರೆ.

ಹೆಣ್ಣುಮಕ್ಕಳ ಮಟ್ಟಿಗೆ ಈ ಆ್ಯಪಿನ ಗ್ರೂಪು ಇನ್ನೂ ಸರಿಯಾಗಿ ಯೋಚಿಸಿ ಕಟ್ಟಿದ್ದಲ್ಲ. ಗ್ರೂಪಿಗೆ ಸೇರಿದ ಕ್ಷಣ ಆಕೆಯ ನಂಬರ್ ಉಳಿದೆಲ್ಲರಿಗೂ ಸಿಗುತ್ತದೆ. ಸ್ವಸಹಾಯ ಸಂಘದ ಇಪ್ಪತ್ತು ಜನರ ಗ್ರೂಪಿನಲ್ಲಿ ತೊಂದರೆಯಿಲ್ಲ, ಇಡೀ ಹೋಬಳಿಯ ಗ್ರೂಪಿನಲ್ಲಿ ಖಂಡಿತ ಇದೆ. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಪ್ರೊಫೈಲ್ ಚಿತ್ರ, ಕೊನೆಗೆ ನೋಡಿದ ಹೊತ್ತು, ಯಾರು ಗ್ರೂಪಿಗೆ ಸೇರಿಸಬಹುದು ಅನ್ನುವ ಮೂರನ್ನೂ ‘ನನ್ನ ಸಂಪರ್ಕದವರು’ ಅಂತ ಬದಲಿಸಿ. ಅದರ ಕೆಳಗೇ ಅಪರಿಚಿತರ ಕರೆಯ ಸದ್ದಡಗಿಸುವ ಆಯ್ಕೆ ಇದೆ, ಅದನ್ನೂ ಆನ್ ಮಾಡಿ. ಇದಕ್ಕಿಂತ ಆಳದ ತೊಂದರೆ ಫೋನ್ ಯಾರ ಜೇಬಿನಲ್ಲಿದೆ ಅನ್ನುವುದು. ತಾಯಂದಿರ ಗ್ರೂಪು ಅಂತ ಕಟ್ಟಿದ್ದರಲ್ಲಿ ನಂಬರುಗಳು ಗಂಡಂದಿರವು, ಮಕ್ಕಳವು ಆಗಿದ್ದರೆ ಲಸಿಕೆಯ ದಿನ ಹೊಲದಲ್ಲಿರುವ ಗಂಡನಿಗೆ ತಿಳಿಯುತ್ತದೆ, ಮನೆಯಲ್ಲಿರುವ ತಾಯಿಗೆ ಸಂಜೆಗೆ. ಇಂಥ ಮನೆಗೆ ಸಂದೇಶದ ಜತೆ ಒಂದು ಕರೆ, ಅದೂ ಸಂಜೆ ಏಳರ ಮೇಲೆ.

ಮೋಸದ ವಿಷಯದಲ್ಲಿ ಮೂರು ದಾರಿಗಳನ್ನು ತಿಳಿದಿದ್ದರೆ ಬಹುಪಾಲು ಬಚಾವಾಗಬಹುದು. ಒಂದು, ಮದುವೆ ಕರೆಯೋಲೆ, ಸರ್ಕಾರಿ ಯೋಜನೆ, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟ ಎಪಿಕೆ ಕಡತ. ಕರೆಯೋಲೆ ಚಿತ್ರವಾಗಿರುತ್ತದೆ ಅಥವಾ ಪಿಡಿಎಫ್ ಆಗಿರುತ್ತದೆ. ಎಪಿಕೆ ಅಂದರೆ ಫೋನಿನೊಳಗೆ ಕೂರುವ ಇನ್ನೊಂದು ಆ್ಯಪು, ಅದು ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್ ಅಳವಡಿಕೆ ಅನ್ನುವ ಕಡೆ ವಾಟ್ಸ್‌ಆ್ಯಪ್‌ಗೆ ಇರುವ ಅನುಮತಿಯನ್ನು ಆಫ್ ಮಾಡಿಡಿ. ಎರಡು, ಪರಿಚಿತರ ಹೆಸರಿನಲ್ಲೇ ಬಂದು ‘ನಿಮಗೆ ಬಂದ ಆರು ಅಂಕಿಯ ಕೋಡ್ ಕಳಿಸಿ’ ಅನ್ನುವುದು. ಆ ಕೋಡ್ ಕೊಟ್ಟರೆ ಖಾತೆಯೇ ಹೋಗುತ್ತದೆ, ಆಮೇಲೆ ನಿಮ್ಮ ಹೆಸರಿನಲ್ಲಿ ಊರೆಲ್ಲ ಸಾಲ ಕೇಳುತ್ತಾರೆ. ಮೂರು, *401* ಅಥವಾ *21* ಒತ್ತಿ ಯಾವುದೋ ನಂಬರ್ ಡಯಲ್ ಮಾಡಿ ಅನ್ನುವುದು. ಅದರಿಂದ ನಿಮ್ಮ ಕರೆಗಳು ಅವರ ಫೋನಿಗೆ ತಿರುಗುತ್ತವೆ, ಕರೆಯ ಮೂಲಕ ಬರುವ ಕೋಡ್ ಅವರಿಗೆ ಸಿಗುತ್ತದೆ. ಒತ್ತಿಬಿಟ್ಟಿದ್ದರೆ ಕೂಡಲೇ ##002# ಡಯಲ್ ಮಾಡಿ, ಎಲ್ಲ ತಿರುವುಗಳೂ ರದ್ದಾಗುತ್ತವೆ.

ಎಲ್ಲಕ್ಕೂ ಮೊದಲ ಕಾಪು ಟು ಸ್ಟೆಪ್ ವೆರಿಫಿಕೇಷನ್: ಸೆಟ್ಟಿಂಗ್ಸ್, ಅಕೌಂಟ್, ಅಲ್ಲಿ ಆರು ಅಂಕಿಯ ಪಿನ್ ಇಡಿ. ಖಾತೆ ಹೋದರೆ ಆ್ಯಪನ್ನು ಮತ್ತೆ ಹಾಕಿ ನಿಮ್ಮ ನಂಬರಿನಿಂದಲೇ ಪ್ರವೇಶಿಸಿ, ಕಳ್ಳ ಹೊರಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ನೀವೇ ಮೊದಲು ಪಿನ್ ಇಟ್ಟಿರಬೇಕು ಅನ್ನುವುದು ಇದಕ್ಕೇ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು.

ಫೋನ್ ತುಂಬಿತು ಅನ್ನುವುದಕ್ಕೆ ಮದ್ದು ಸುಲಭ: ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೀಡಿಯಾ ಆಟೋ ಡೌನ್‌ಲೋಡ್‌ನ ಎಲ್ಲ ಗುರುತು ತೆಗೆಯಿರಿ, ಮ್ಯಾನೇಜ್ ಸ್ಟೋರೇಜ್‌ನಲ್ಲಿ ದೊಡ್ಡ ವಿಡಿಯೊಗಳನ್ನು ಅಳಿಸಿ.

ಬದಲಿ ಏನಿದೆ? ಬರೀ ಸೂಚನೆ ಸಾರಲು ಅದೇ ಆ್ಯಪಿನ ಚಾನೆಲ್ ಗ್ರೂಪಿಗಿಂತ ಮೇಲು. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಣ್ಣುಮಕ್ಕಳಿರುವ ದೊಡ್ಡ ಸಂಘಗಳು ಇದಕ್ಕೇ ಹೋಗಬೇಕು. ಆದರೆ ಯಾವ ಮನೆ ಓದಿಲ್ಲ ಅನ್ನುವ ಪಟ್ಟಿ ಅಲ್ಲಿ ಸಿಗದು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಕಳಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಟೆಲಿಗ್ರಾಂ ಗ್ರೂಪಿನಲ್ಲಿ ಹೊಸಬರಿಗೆ ಹಳೆಯ ಮಾತೆಲ್ಲ ಕಾಣುವಂತೆ ಮಾಡಬಹುದು, ಪಾಠ, ಕಡತ ಕೂಡಿಡಲು ಅದು ಚೆನ್ನ. ಆದರೆ ಅಲ್ಲಿನ ಗ್ರೂಪುಗಳಿಗೆ ವಾಟ್ಸ್‌ಆ್ಯಪಿನಂಥ ಬೀಗ ಇಲ್ಲ. ಬಟನ್ ಫೋನಿನವರಿಗೆ ಉಳಿಯುವುದು ಎಸ್‌ಎಂಎಸ್. ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್‌ಎಂಎಸ್ ಕನ್ನಡದಲ್ಲಿ 70ಕ್ಕೇ ಮುಗಿಯುತ್ತದೆ. ಅದರಲ್ಲೂ ಒತ್ತು, ಗುಣಿತ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ, ‘ಕ್ಷ’ ಒಂದಕ್ಕೇ ಮೂರು. ‘ನಾಳೆ ಬೆಳಗ್ಗೆ 6ಕ್ಕೆ ಮೇಲಿನ ಬೀದಿಗೆ ನೀರು’ ಅನ್ನುವಷ್ಟು ಒಂದರಲ್ಲಿ ಆರಾಮಾಗಿ ಹಿಡಿಯುತ್ತದೆ, ನೀರುಗಂಟಿಗೆ ಅಷ್ಟು ಸಾಕು.

ಬಟನ್ ಫೋನೂ ಇಲ್ಲದ ಮನೆಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಒಂದು ಕರಿಹಲಗೆ ಇರಲಿ. ಗ್ರೂಪಿಗೆ ಹೋದ ಪ್ರತಿ ಸೂಚನೆಯೂ ಸಂಜೆಯ ಹಾಲು ಅಳೆಯುವ ಮೊದಲು ಆ ಹಲಗೆಯ ಮೇಲೆ ಬರಬೇಕು. ಹಾಲು ಹಾಕಲು ಬಂದವರು ತಮ್ಮ ಬೀದಿಯ ಅಂಥ ಮನೆಗೆ ಹೇಳಿಬಂದು, ಮಾರನೇ ದಿನ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಗೀಟು ಹಾಕಲಿ.